ಮೇಣದ ಕೈ ಮಾರದ ಮಾವ್ಶಿ

ಮಾವ್ಶಿಯ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಕಾದ ಮೇಣವನ್ನು ಅಚ್ಚಿಗೆ ಹೊಯ್ಯುವಾಗ ಯಾವತ್ತೋ ಸುಟ್ಟುಹೋದದ್ದು ಮತ್ತೆ ಬರಲೇ ಇಲ್ಲವಂತೆ. ಆ ಬೋಳು ಬೆರಳನ್ನೇ ಎತ್ತಿ ಅವರು ಗಿರಾಕಿಗಳನ್ನು ಗದರಿಸುತ್ತಿದ್ದರು. ಇಗರ್ಜಿಯ ಗೇಟಿನ ಒಳಗೆ ಅವರದೊಂದು ಮರದ ಮೇಜು, ಮೇಲೆ ನೀಲಿ ಟರ್ಪಾಲು. ಮೇಜಿನ ಮೇಲೆ ಮೇಣದ ಬತ್ತಿ, ಮೇಣದ ಕೈ, ಕಾಲು, ಕಣ್ಣು, ಎದೆ, ತಲೆ, ಅಂಗಾತ ಮಲಗಿದ ಮಗು. ಮೈಯ ಯಾವ ಭಾಗಕ್ಕೆ ಕಾಯಿಲೆಯೋ ಆ ಭಾಗದ ಮೇಣದ ರೂಪವನ್ನು ಸಂತರ ಪ್ರತಿಮೆಯ ಮುಂದಿಟ್ಟು ಹರಕೆ ಹೇಳುವುದು ನಮ್ಮ ಇಗರ್ಜಿಯ ಕ್ರಮ. ಮಂಗಳವಾರದ ನೊವೆನಾ ಪ್ರಾರ್ಥನೆಗೆ ಗುರುವಾಯನಕೆರೆಯಿಂದ, ಮೂಡಬಿದಿರೆಯಿಂದ ಜನ ಬರುತ್ತಾರೆ. ನಮ್ಮವರೂ ಬರುತ್ತಾರೆ, ಹಿಂದೂಗಳೂ ಬರುತ್ತಾರೆ. ಕೊಂಕಣಿಯಲ್ಲಿ ಮಾವ್ಶಿ ಎಂದರೆ ಚಿಕ್ಕಮ್ಮ. ಅವರು ಊರಿಗೆಲ್ಲ ಚಿಕ್ಕಮ್ಮ.

ಮಾರಲು ಕೂತವರು ಗಿರಾಕಿಯನ್ನು ಪ್ರಶ್ನೆ ಮಾಡುವುದು ಉಂಟೇ? ಮಾವ್ಶಿ ಮಾಡುತ್ತಿದ್ದರು. ಕಾಲು ಕೇಳಿದರೆ, "ಎಂತ ಆಗಿದೆ ಕಾಲಿಗೆ? ಡಾಕ್ಟರಿಗೆ ತೋರಿಸಿದಿರಾ? ಚೀಟಿ ಎಲ್ಲುಂಟು?" ಚೀಟಿ ತೋರಿಸಿದರೆ ಮಾತ್ರ ಕಾಲು. ಇಲ್ಲದಿದ್ದರೆ, "ಬತ್ತಿ ತೆಗೊಂಡು ಹೋಗಿ. ಕಾಲು ನಾನು ಕೊಡುವುದಿಲ್ಲ."

ಅದಕ್ಕೆ ಕಾರಣ ಇತ್ತು. ತೋಡಾರಿನ ಒಬ್ಬ ಆಟೋ ಡ್ರೈವರ್ ಒಂದೇ ವರ್ಷದಲ್ಲಿ ಮೂರು ಸಲ ಬಂದು ಅವರಿಂದ ಮೇಣದ ಕಾಲು ಕೊಂಡಿದ್ದ. ಸಕ್ಕರೆ ಕಾಯಿಲೆಯ ಹುಣ್ಣು. ಮಾವ್ಶಿ ಏನೂ ಕೇಳದೆ ಕೊಟ್ಟಿದ್ದರು. ನಾಲ್ಕನೆಯ ಸಲ ಅವನು ಊರುಗೋಲಿನಲ್ಲಿ ಬಂದ. ಮೊಣಕಾಲಿನಿಂದ ಕೆಳಗೆ ಕತ್ತರಿಸಿ ತೆಗೆದಿದ್ದರು. "ಅವನ ಕಾಲು ಕೊಳೆಯುವಾಗ ನಾನು ಮೇಣ ಮಾರ್ತಾ ಕೂತಿದ್ದೆ ಮಾರಾಯ್ತಿ," ಎಂದು ಮಾವ್ಶಿ ಹೇಳುತ್ತಿದ್ದರು. ಚೀಟಿ ಕೇಳುವುದು ಶುರುವಾದದ್ದು ಅಂದಿನಿಂದ.

ಇನ್ನು ನನ್ನ ಕತೆ. ನಾನು ಗುರುವಾಯನಕೆರೆಯಲ್ಲಿ ರವಿಕೆ ಹೊಲಿಯುವವಳು. ಅಲ್ಲಿನ ಅರ್ಧ ಹೆಂಗಸರ ಎದೆಯ ಅಳತೆ ನನ್ನ ಪುಸ್ತಕದಲ್ಲಿದೆ. ಏಳು ವರ್ಷದ ಹಿಂದೆ ಸ್ನಾನ ಮಾಡುವಾಗ ನನ್ನ ಎಡ ಮೊಲೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಐದು ತಿಂಗಳು ಬಾಯಿ ಬಿಡಲಿಲ್ಲ. ಕಟ್ಟಿಕೊಂಡ ಗಂಡನಿಗೂ ಹೇಳಲಿಲ್ಲ. ಡಾಕ್ಟರ ಮುಂದೆ ರವಿಕೆ ಬಿಚ್ಚಬೇಕಲ್ಲ ಎಂದು ನೆನೆದರೇ ಬೆವರುತ್ತಿದ್ದೆ. ನನ್ನ ಮೂರ್ಖತನಕ್ಕೆ ನನಗೇ ಎರಡು ಬಾರಿಸಬೇಕು ಎನಿಸುತ್ತದೆ ಈಗ.

ಆ ನಾಚಿಕೆಗೆ ಗೊಬ್ಬರ ಹಾಕಿದವರೂ ಇದ್ದರು. ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲದಲ್ಲಿ ಇಗರ್ಜಿಯಲ್ಲಿ ಉಪದೇಶ ಮಾಡಲು ಒಬ್ಬರು ಪ್ರಸಂಗಿಗಳು ಬಂದಿದ್ದರು. ದೇಹ ದೇವರ ಮಂದಿರ ಎನ್ನುವುದು ವಿಷಯ. ಎಷ್ಟು ದೊಡ್ಡ ಮಾತು! ಅವರು ಒಂದು ಗಂಟೆ ಮಾತಾಡಿದ್ದು ಹೆಂಗಸರ ತೋಳಿಲ್ಲದ ರವಿಕೆ, ತುಟಿಯ ಬಣ್ಣ, ಉಗುರಿನ ಬಣ್ಣದ ಬಗ್ಗೆ. ಮಂದಿರವನ್ನು ಮುಚ್ಚಿಡಬೇಕಂತೆ. ರವಿಕೆ ಹೊಲಿಯುವ ನಾನು ತಲೆ ತಗ್ಗಿಸಿ ಕೂತಿದ್ದೆ. ಗಂಡನ ಕೈಯಿಂದ ಏಟು ತಿಂದು ಬಂದು ಹಿಂದಿನ ಬೆಂಚಿನಲ್ಲಿ ಕೂತವರ ಮಂದಿರದ ಬಗ್ಗೆ ಒಂದು ಮಾತಿಲ್ಲ. ಹೊರಗೆ ಮೈಕಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಮಾವ್ಶಿ ಕೆಂಪಾಗಿದ್ದರು. "ಒಂದು ಗಂಟೆ ಮಾತಾಡಿದರಲ್ಲ, ಹೆಂಗಸರು ಹೊಟ್ಟೆಗೆ ತಿಂದಿದ್ದೀರಾ ಅಂತ ಒಂದು ಸಲ ಕೇಳಿದರಾ? ಮಂದಿರ ಅಂತೆ ಮಂದಿರ! ಗೋಡೆ ಬೀಳ್ತಾ ಉಂಟು, ಇವರಿಗೆ ಪರದೆಯ ಚಿಂತೆ."

ಅದಾದ ಮುಂದಿನ ಮಂಗಳವಾರ ನಾನು ಅವರ ಮೇಜಿನ ಮುಂದೆ ನಿಂತೆ. ಎದೆ ಎಂದು ಕೇಳಲು ನಾಲಗೆ ಏಳಲಿಲ್ಲ. ಸಂತರಿಗೆ ಹೇಗೂ ಗೊತ್ತಾಗುತ್ತದೆ, ಹತ್ತಿರದ ಅಂಗವಾದರೆ ಸಾಕು ಎಂದು ಲೆಕ್ಕ ಹಾಕಿ, "ಒಂದು ಕೈ ಕೊಡಿ ಮಾವ್ಶಿ," ಎಂದೆ.

"ಯಾವ ಕೈ?"

"ಎಡ... ಅಲ್ಲ, ಯಾವುದಾದರೂ ಆದೀತು."

"ಯಾವುದಾದರೂ ಆದೀತಾ? ನೋವು ನಿನಗಾ, ನಿನ್ನ ನೆರೆಮನೆಯವಳಿಗಾ? ಎತ್ತು ಕೈ, ನೋಡುವ."

ಎರಡೂ ಕೈ ಎತ್ತಿದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಸ್ವರ ಇಳಿಸಿ, "ಕೈಗೆ ಎಂತದೂ ಆಗಲಿಲ್ಲ ನಿನಗೆ. ಸಂತರಿಗೂ ಸುಳ್ಳು ಹೇಳ್ತೀಯಾ? ಎಲ್ಲಿ ಅಂತ ಹೇಳು," ಎಂದರು. ನಾನು ಸೆರಗಿನ ಮೇಲೆ ಕೈ ಇಟ್ಟೆ. ಕಣ್ಣಲ್ಲಿ ನೀರು ಬಂತು.

"ಬಾಯಲ್ಲಿ ಹೇಳು. ಅದಕ್ಕೆ ಹೆಸರಿಲ್ವಾ? ದೇವರು ಮಾಡಿದ್ದಲ್ವಾ ಅದು? ನಿನ್ನ ಮಕ್ಕಳಿಗೆ ಹಾಲು ಕೊಟ್ಟದ್ದಲ್ವಾ?"

ಹೇಳಿದೆ. ಅದೂ ಪಿಸುಮಾತಿನಲ್ಲಿ. ಎಷ್ಟು ಸಮಯವಾಯಿತು ಎಂದು ಕೇಳಿದರು. ಐದು ತಿಂಗಳು ಎಂದದ್ದೇ ತಡ, ಜನರ ಎದುರೇ ಸಿಡಿದರು. "ಐದು ತಿಂಗಳು! ಇಗರ್ಜಿಯ ಒಂದು ಹಂಚು ಒಡೆದರೆ ಐದು ದಿವಸ ಬಿಡ್ತೀರಾ ನೀವೆಲ್ಲ?" ನೊವೆನಾ ಶುರುವಾಗಲು ಅರ್ಧ ಗಂಟೆ ಇತ್ತು, ಸಾಲು ಗೇಟಿನವರೆಗೆ ಬೆಳೆದಿತ್ತು. ಮಾವ್ಶಿ ಮೇಜಿನ ಮೇಲೆ ಟರ್ಪಾಲು ಎಳೆದು, ಆಟೋ ಕರೆದು, ನನ್ನನ್ನು ಮೂಡಬಿದಿರೆಯ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅಲ್ಲಿಂದ ಮಂಗಳೂರು, ಪರೀಕ್ಷೆ, ಆಪರೇಷನ್. ಎಡ ಮೊಲೆ ತೆಗೆದರು. ಇನ್ನು ಎರಡು ತಿಂಗಳು ತಡವಾಗಿದ್ದರೆ ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ ಎಂದು ಡಾಕ್ಟರು ನನ್ನ ಗಂಡನಿಗೆ ಹೇಳಿದರಂತೆ.

ನಾನು ಉಳಿದೆ, ಮಾವ್ಶಿಯ ಮೇಜು ಉಳಿಯಲಿಲ್ಲ. ನಮ್ಮ ವಾರ್ಡಿನ ಕ್ರೈಸ್ತ ಮನೆಗಳಿಗೆಲ್ಲ ಮುಂದಾಳಾದ ಗುರ್ಕಾರರಿಗೆ ಅವರ ಮೇಲೆ ಮೊದಲೇ ಸಿಟ್ಟಿತ್ತು. "ಇದು ಇಗರ್ಜಿಯಾ, ಆಸ್ಪತ್ರೆಯಾ? ಜನರ ನಂಬಿಕೆಗೆ ಅಡ್ಡ ಬರ್ತಾರೆ," ಎನ್ನುತ್ತಿದ್ದರು. ನೊವೆನಾದ ದಿನವೇ ಮೇಜು ಮುಚ್ಚಿದ್ದು ಅವರಿಗೆ ಒಳ್ಳೆಯ ನೆಪವಾಯಿತು. ಮಾವ್ಶಿಯನ್ನು ಗೇಟಿನ ಹೊರಗೆ, ಬಸ್ಸಿನ ಧೂಳು ಬಡಿಯುವ ಕಡೆಗೆ ಕಳಿಸಿದರು. ಒಳಗೆ ಟೈಲ್ಸ್ ಹಾಕಿದ ಒಂದು ಕೌಂಟರ್ ತೆರೆದರು. ಅಲ್ಲಿ ಯಾವ ಅಂಗ ಬೇಕಾದರೂ ಸಿಗುತ್ತದೆ, ಯಾರೂ ಏನೂ ಕೇಳುವುದಿಲ್ಲ. ನನ್ನ ದೆಸೆಯಿಂದ ಹೀಗಾಯಿತು ಎಂದು ನಾನು ಅತ್ತರೆ ಮಾವ್ಶಿ, "ಧೂಳು ತೊಳೆದರೆ ಹೋಗ್ತದೆ. ಸುಮ್ಮನಿರು," ಎಂದರು. ಅವರಿಗೆ ಹೋಯಿತೋ ಏನೋ, ನನಗೆ ಆ ಕೌಂಟರ್ ಕಂಡರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಹೋದ ಆಗಸ್ಟಿನಲ್ಲಿ ಮಾವ್ಶಿ ತೀರಿಕೊಂಡರು. ಬೆಳಿಗ್ಗೆ ಗಂಜಿ ಉಂಡು, ಬಿಪಿಯ ಮಾತ್ರೆ ತೆಗೆದುಕೊಂಡು ಮಲಗಿದವರು ಏಳಲಿಲ್ಲ. ಇಗರ್ಜಿಯಲ್ಲಿ ಸಾವಿನ ಪೂಜೆ ಮುಗಿದ ಮೇಲೆ ಶವಪೆಟ್ಟಿಗೆಯ ಪಕ್ಕ ನಿಂತು ಗುರ್ಕಾರರು ಎರಡು ಮಾತಾಡಿದರು. ಬತ್ತಿ ಮಾರಿ ಇಗರ್ಜಿಗೆ ಬೆಳಕು ಕೊಟ್ಟ ಬಡ ಹೆಂಗಸು, ಹರಕೆಯ ಜನರಿಗೆ ಮೇಣ ಒದಗಿಸಿದ ಪುಣ್ಯವಂತೆ, ಹಾಗೆ ಹೀಗೆ. ಹೊರಗೆ ಹಾಕಿದ್ದನ್ನು ಮಾತ್ರ ಹೇಳಲಿಲ್ಲ. ನನಗೆ ಕೂರಲು ಆಗಲಿಲ್ಲ. ಎದ್ದು ಮುಂದೆ ಹೋದೆ.

"ನನಗೆ ಅವರು ಮೇಣ ಕೊಡಲಿಲ್ಲ," ಎಂದೆ. ಸ್ವರ ದೊಡ್ಡದಾಗಿಯೇ ಬಂತು. "ನನ್ನ ಎಡ ಮೊಲೆಯಲ್ಲಿ ಕ್ಯಾನ್ಸರ್ ಇತ್ತು. ನಾಚಿಕೆಗೆ ಸಾಯ್ಲಿಕ್ಕೆ ಹೊರಟಿದ್ದೆ. ಮಾವ್ಶಿ ಬೈದು ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಮೊಲೆ ಹೋಯಿತು, ನಾನು ಇದ್ದೇನೆ. ದೇಹವನ್ನು ದೇವರ ಮಂದಿರ ಅಂತ ಈ ಊರಿನಲ್ಲಿ ನಿಜವಾಗಿ ನಂಬಿದ್ದು ಇವರೊಬ್ಬರೇ. ಇವರನ್ನು ನೀವು ಗೇಟಿನ ಹೊರಗೆ ಕೂರಿಸಿದಿರಿ."

ಗುರ್ಕಾರರು ನೆಲ ನೋಡುತ್ತಿದ್ದರು. ನನ್ನ ಗಂಡ ಎದ್ದು ಬಂದು ನನ್ನ ಪಕ್ಕ ನಿಂತರು.

ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ ನಳ್ಳಿಯ ಹತ್ತಿರ ಕೈ ತೊಳೆಯುತ್ತಿದ್ದೆ. ಗುರ್ಕಾರರ ಹೆಂಡತಿ ಬಂದು ಪಕ್ಕದಲ್ಲಿ ನಿಂತರು. ಕೈ ಒದ್ದೆ ಮಾಡುವ ನೆಪ. ನನ್ನ ಕಡೆ ನೋಡದೆ, "ನನಗೂ ಉಂಟು ಅಂತ ಕಾಣ್ತದೆ," ಎಂದರು.

"ಎಷ್ಟು ಸಮಯದಿಂದ?"

"ಕ್ರಿಸ್ಮಸಿನಿಂದ. ಮೂರು ಸಲ ಮೇಣ ಇಟ್ಟೆ. ನಮ್ಮ ಒಳಗಿನ ಕೌಂಟರಿನದ್ದೇ. ಅಲ್ಲಿ ಯಾರೂ ಕೇಳುವುದಿಲ್ಲವಲ್ಲ."

ಎಂಟು ತಿಂಗಳು! ನಾನು ಅವರ ಒದ್ದೆ ಕೈಯನ್ನು ಹಿಡಿದೆ. ಎಷ್ಟು ಗಟ್ಟಿಯಾಗಿ ಹಿಡಿದೆನೆಂದರೆ ಅವರು ನೋವಿಗೆ ಮುಖ ಕಿವುಚಿದರು.

"ಇವರಿಗೆ ಒಂದು ಮಾತು ಹೇಳಿ ಬರ್ತೇನೆ," ಎಂದರು.

"ದಾರಿಯಲ್ಲಿ ಫೋನ್ ಮಾಡಿ," ಎಂದು ಆಟೋ ಕರೆದೆ.