ಹುಣಸೆಮರದ ಕೆಳಗೆ ನಂಜೇಗೌಡರಿದ್ದರು

ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವಾಗ, ಊರು ಸಿಗುವುದಕ್ಕೆ ಸ್ವಲ್ಪ ಮೊದಲು, ರಸ್ತೆಯ ಎಡಕ್ಕೆ ನಂಜೇಗೌಡರ ಹಿಪ್ಪುನೇರಳೆ ತೋಟವಿದೆ. ಮಾಘ ಮಾಸದ ಒಂದು ಶನಿವಾರ, ಸಂಜೆ ಐದರ ಸುಮಾರಿಗೆ, ನಾನು ಆ ತೋಟದ ದಕ್ಷಿಣದ ಬದುವಿನ ಮೇಲೆ ನಿಂತಿದ್ದೆ. ನನ್ನ ಎಡಕ್ಕೆ ಗೆಳೆಯ ಶ್ರೀಕಂಠಯ್ಯ. ನಮ್ಮಿಬ್ಬರ ನಡುವೆ ಮೂರು ಕಾಲಿನ ಮೇಲೆ ಅವರ ಹಳೆಯ ಮರದ ಕ್ಯಾಮೆರಾ. ಎದುರಿಗೆ ಬಲಗಡೆ ಹುಣಸೆಮರ, ಅದರ ಕೆಳಗೆ ನಂಜೇಗೌಡರು. ಇಷ್ಟನ್ನು ಮೊದಲೇ ಬರೆಯಲು ಕಾರಣವಿದೆ. ಸರದಿ ಬಂದಾಗ ಹೇಳುತ್ತೇನೆ.

ಅಂದು ಬೆಳಿಗ್ಗೆ ನಾವು ಮೈಸೂರಿನಿಂದ ರೈಲಿನಲ್ಲಿ ಹೊರಟಿದ್ದೆವು. ಶ್ರೀಕಂಠಯ್ಯ ಅಂಚೆ ಕಚೇರಿಯ ಕೆಲಸದಿಂದ ನಿವೃತ್ತರಾದವರು. ಮುಚ್ಚಿಹೋದ ಸ್ಟುಡಿಯೋ ಒಂದರಿಂದ ಈ ಕ್ಯಾಮೆರಾ ಕೊಂಡಿದ್ದರು. ತೇಗದ ಚೌಕಟ್ಟು, ಹಿತ್ತಾಳೆಯ ತಿರುಪು, ಹಾರ್ಮೋನಿಯಮ್ಮಿನ ಹಾಗೆ ಹಿಗ್ಗಿ ಕುಗ್ಗುವ ಕಪ್ಪು ಚರ್ಮದ ತಿದಿ. ಫಿಲ್ಮು ಅಂಗೈಗಿಂತ ದೊಡ್ಡದು; ಒಂದು ಸಲಕ್ಕೆ ಒಂದೇ ಹಾಳೆ. ಬೆಳಕು ಬಿಡುವ ಗುಂಡಿಯಿಲ್ಲ. ಲೆನ್ಸಿನ ಮುಚ್ಚಳವನ್ನು ಕೈಯಿಂದ ತೆಗೆದು, ಎಣಿಸಿ, ಮತ್ತೆ ಮುಚ್ಚಬೇಕು. ಅವರು ನನಗೆ ಇದನ್ನು ಕಲಿಸುತ್ತಿದ್ದರು. ತಿದಿಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಚಿತ್ರ ಕೆಡುತ್ತದೆಂದು ರೈಲಿನಲ್ಲೂ ಅದರೊಳಗೆ ಟಾರ್ಚು ಇಳಿಸಿ ನೋಡುತ್ತಿದ್ದರು. ಎದುರು ಸೀಟಿನವರು ತಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡರು.

ಮಾಗಡಿಯ ಸಾವನದುರ್ಗ ನಮ್ಮ ಗುರಿ. "ಇದಕ್ಕೆ ಅಲುಗಾಡದ ವಸ್ತು ಬೇಕಪ್ಪಾ. ಆ ಬೆಟ್ಟಕ್ಕಿಂತ ಅಲುಗಾಡದ್ದು ಯಾವುದಿದೆ?" ಎಂದಿದ್ದರು ಶ್ರೀಕಂಠಯ್ಯ.

ಚನ್ನಪಟ್ಟಣದಲ್ಲಿ ಇಳಿದದ್ದು ಲೆನ್ಸು ಕೂರಿಸುವ ಹಲಗೆ ಸೀಳಿದ್ದರಿಂದ. ಗೊಂಬೆ ಕಡೆಯುವ ಬಾಷಾ ಎಂಬುವರು ಹೊಸ ಹಲಗೆಯಲ್ಲಿ ದುಂಡನೆ ಕಂಡಿ ಕೊರೆದುಕೊಟ್ಟರು. "ಒಂದು ತೂತಿಗೋಸ್ಕರ ಮೈಸೂರಿಂದ ಬಂದ್ರಾ ಸಾಬ್? ಅಲ್ಲಿ ತೂತು ಸಿಗಕಿಲ್ವಾ?" ಎಂದು ನಕ್ಕರು. ಕೊಡುವಾಗ ಮಾತ್ರ ದನಿ ತಗ್ಗಿಸಿ, "ತೊಂದ್ರೆ ಗಿಂದ್ರೆ ಏನೂ ಆಗಲ್ಲ ಅಲ್ವಾ ಇದ್ರಿಂದ?" ಎಂದರು.

ಊಟ ಮುಗಿಸಿ ಕೆಂಪು ಬಸ್ಸು ಹತ್ತಿದೆವು. ಸುತ್ತುದಾರಿಯಾದರೂ ಊರು ನೋಡಿಕೊಂಡು ಹೋಗೋಣವೆಂದು, ಕನಕಪುರದಲ್ಲಿ ತಂಗಿ, ರಾಮನಗರದ ಮೇಲೆ ಮಾಗಡಿಗೆ ಹೋಗುವುದೆಂದಿತ್ತು. ಸಾತನೂರು ಹತ್ತಿರವಾದಾಗ ಇಳಿಬಿಸಿಲಿನಲ್ಲಿ ಆ ತೋಟ, ಆಚೆಗೆ ಹೆಂಚಿನ ಮನೆ, ಒಂಟಿ ಹುಣಸೆಮರ ಕಂಡವು. ಹೊಸ ಹಲಗೆಯನ್ನು ಇಲ್ಲೇ ಪರೀಕ್ಷಿಸೋಣ ಎಂದು ಶ್ರೀಕಂಠಯ್ಯ ಬಸ್ಸು ನಿಲ್ಲಿಸಿದರು.

ಮೂರು ಕಾಲು ಊರಿ, ಅವರು ಕರಿಬಟ್ಟೆಯೊಳಗೆ ತಲೆ ತೂರಿಸುವಷ್ಟರಲ್ಲಿ ನಂಜೇಗೌಡರು ಗುದ್ದಲಿ ಹಿಡಿದು ಬಂದರು. ಐವತ್ತು ದಾಟಿದವರು.

"ಯಾವ ಆಪೀಸ್ನೋರು ನೀವು?"

"ಆಫೀಸಿನವರಲ್ಲ ಸ್ವಾಮಿ. ಫೋಟೋ ತೆಗೆಯೋರು," ಎಂದೆ.

"ಫೋಟೋಕೆ ಮೊಬೈಲ್ ಸಾಲ್ದಾ? ಮೂರ್ ಕಾಲು ಯಾಕೆ, ಮುಸುಕು ಯಾಕೆ? ಹೋದ್ ತಿಂಗ್ಳೂ ಹಿಂಗೇ ಮೂರ್ ಕಾಲಿಂದು ತಂದು ನಿಲ್ಸುದ್ರು. ಸುಮ್ನೆ ನೋಡ್ತೀವಿ ಅಂದ್ರು. ಆಮ್ಯಾಕೆ ಕೆಂಪು ಕಲ್ಲು ನೆಟ್ಬುಟ್ಟು ಹೋದ್ರು."

ರಸ್ತೆ ಅಗಲಿಸಲು ಸರ್ವೆಯವರು ಗುರುತಿಗೆ ನೆಟ್ಟ ಆ ಕಲ್ಲು ಅಲ್ಲೇ ಇತ್ತು. ರಸ್ತೆಯ ಅಂಚಿನಲ್ಲಲ್ಲ, ಸೊಪ್ಪಿನ ಸಾಲುಗಳ ನಡುವೆ.

ಶ್ರೀಕಂಠಯ್ಯ ಅವರನ್ನೇ ಕರೆದು ಬಟ್ಟೆ ಎತ್ತಿದರು. ಹಿಂಬದಿಯ ಮಬ್ಬು ಗಾಜಿನ ಮೇಲೆ ತೋಟ ಮೂಡಿತ್ತು. ನಾನು ಈ ಹೊತ್ತಿಗೂ ಬೆರಗಾಗುವುದು ಅದಕ್ಕೆ: ಒಂದೊಂದು ಎಲೆ, ಹೆಂಚಿನ ಮೇಲಿನ ಪಾಚಿ, ಎಲ್ಲವೂ ತಮ್ಮ ಬಣ್ಣದಲ್ಲೇ, ಸದ್ದಿಲ್ಲದೆ. ಆದರೆ ತಲೆಕೆಳಗು, ಎಡ ಬಲವೂ ಅದಲು ಬದಲು. ಅದನ್ನು ಅವರಿಗೆ ಮೊದಲೇ ಹೇಳುವುದು ನಮಗಿಬ್ಬರಿಗೂ ತೋಚಲಿಲ್ಲ.

ಬಟ್ಟೆಯೊಳಗೆ ಅವರು ಬಹಳ ಹೊತ್ತು ಇದ್ದರು. ಹೊರಬಂದಾಗ ಮುಖ ಬಿಳಿಚಿತ್ತು.

"ಮನೆ ತಲೆಕೆಳಗಾಗೈತೆ," ಎಂದರು. "ಅದು ಹಾಳಾಗ್ಲಿ. ಮೂಡ್ಲಾಗಿರೋ ಹುಣ್ಸೆಮರ ಪಡ್ವಲಕ್ಕೆ ಹೋಗೈತೆ. ಚೆಕ್ಕುಬಂದಿನೇ ತಿರುಗ್ಸಿದ್ದೀರಲ್ಲ."

ಚೆಕ್ಕುಬಂದಿ ಎಂದರೆ ಪತ್ರದಲ್ಲಿ ಬರೆಯುವ ನಾಲ್ಕು ದಿಕ್ಕಿನ ಎಲ್ಲೆ. ಅವರ ಪತ್ರದಲ್ಲಿ ಪೂರ್ವದ ಎಲ್ಲೆ ಆ ಹುಣಸೆಮರ. ಚಿತ್ರದಲ್ಲಿ ಎಲ್ಲ ನೆಟ್ಟಗಾಗುತ್ತದೆಂದು ಶ್ರೀಕಂಠಯ್ಯ ಆಣೆ ಮಾಡಿ ಹೇಳಿದರು.

"ಹಂಗಾದ್ರೆ ನನ್ನೂ ಸೇರ್ಸಿ ತೆಗೀರಿ. ನನ್ ಜಮೀನಲ್ಲಿ ನಾನಿದ್ದೆ ಅಂತ ಇರ್ಲಿ."

ಅವರು ಹೋಗಿ ಮರದ ಕೆಳಗೆ ನಿಂತರು. ಅವರ ಹೆಂಡತಿ ಜಯಮ್ಮ ಬಾಗಿಲಿಗೆ ಬಂದು ನಿಂತರು. ಗೂಟದಲ್ಲಿ ಹಸು ಇತ್ತು. ಬೆಳಕು ಇಳಿದಿತ್ತು, ಫಿಲ್ಮು ನಿಧಾನದ್ದು, ಎಂಟು ಎಣಿಸಬೇಕಾಗಿತ್ತು. ಶ್ರೀಕಂಠಯ್ಯ ಮುಚ್ಚಳ ತೆಗೆದು ಅಭ್ಯಾಸದಂತೆ ಗಟ್ಟಿಯಾಗಿ, "ಒಂದು," ಎಂದರು.

ಮುಂದಿನದು ನಾನು ಕಂಡಂತೆ ಇಷ್ಟು. "ಅಳೀತಾವ್ರೆ ಕಣಮ್ಮೀ," ಎಂದು ಕೂಗಿ ನಂಜೇಗೌಡರು ಓಡಿಬಂದರು. ಸರ್ವೆಯವರು ಸರಪಳಿ ಎಳೆದು ಎಣಿಸುವುದನ್ನು ಅವರು ಕೇಳಿದ್ದರು. ಗುದ್ದಲಿ ಅವರ ತಲೆಯ ಮಟ್ಟದಲ್ಲಿತ್ತು. ಅದಕ್ಕಿಂತ ಮೇಲೆ ಎಂದು ಹೇಳಲಾರೆ. ನಾನು ಹಿಂದೆ ಸರಿದೆ. ಶ್ರೀಕಂಠಯ್ಯ ಸರಿಯಲಿಲ್ಲ. ಎಣಿಕೆಯನ್ನೂ ನಿಲ್ಲಿಸಲಿಲ್ಲ. ಎಂಟಕ್ಕೆ ಮುಚ್ಚಳ ಹಾಕಿದಾಗ ಗುದ್ದಲಿಯ ನೆರಳು ಅವರ ಕೈಮೇಲೆ ಇತ್ತು.

"ಏನ್ರೀ, ಇಳಿಸ್ರೀ ಅದ," ಎಂದರು ಜಯಮ್ಮ ಬಾಗಿಲಿಂದಲೇ. "ಮುದುಕರ ಮ್ಯಾಲೆ ಏನ್ ಪೌರುಷ? ಕಲ್ಲು ನೆಟ್ಟೋರ್ ಬಂದಾಗ ಕಾಪಿ ಕಾಯ್ಸು ಅಂದ್ರಿ."

ಗುದ್ದಲಿ ಇಳಿಯಿತು. ಕ್ಯಾಮೆರಾ ಮಾತ್ರ ಅವರ ವಶವಾಯಿತು. "ಫೋಟೋ ತನ್ನಿ, ಪೆಟ್ಟಿಗೆ ತಗೊಂಡೋಗಿ," ಎಂದರು ನಂಜೇಗೌಡರು. ಫಿಲ್ಮಿನ ಚೌಕಟ್ಟನ್ನೂ, ಔಷಧಿ ಕಾಗದಗಳಿದ್ದ ಚೀಲವನ್ನೂ ಹಿಡಿದು ಕನಕಪುರಕ್ಕೆ ಹೋದೆವು. ವಸತಿಗೃಹದ ಬಚ್ಚಲಿನಲ್ಲಿ ಶ್ರೀಕಂಠಯ್ಯ ಕೆಂಪು ದೀಪ ಕಟ್ಟಿ ಫಿಲ್ಮು ತೊಳೆದರು. ಅದು ಒಣಗಿದ ಮೇಲೆ ಗಾಜಿನಡಿ ಕಾಗದಕ್ಕೆ ಒತ್ತಿಟ್ಟು ಚಿತ್ರ ಇಳಿಸಿದರು. ಕಾಗದ ನೀರಿನಿಂದ ಎತ್ತಿದವರು ಹಾಗೇ ನಿಂತುಬಿಟ್ಟರು.

ಭಾನುವಾರ ಅದನ್ನು ಒಯ್ದು ಜಗಲಿಯ ಮೇಲಿಟ್ಟೆವು. ಮನೆ ನೆಟ್ಟಗಿತ್ತು. ಹುಣಸೆಮರ ಪೂರ್ವಕ್ಕಿತ್ತು. ನಂಜೇಗೌಡರ ಉಸಿರು ಸಡಿಲವಾದದ್ದು ನನಗೆ ಕೇಳಿಸಿತು. ಆಮೇಲೆ ಅವರು ಬೆರಳಿಟ್ಟು ಹುಡುಕತೊಡಗಿದರು. ಬಾಗಿಲಲ್ಲಿ ಜಯಮ್ಮ, ಸೆರಗಿನ ಅಂಚಿನ ಎಳೆಗಳನ್ನೂ ಎಣಿಸಬಹುದಾದ ಹಾಗೆ. ಹಸು, ಮೆಲುಕು ಹಾಕುತ್ತಿದ್ದ ಬಾಯಿಯೊಂದು ಮಸುಕು. ಮರದ ಕೆಳಗೆ ಯಾರೂ ಇಲ್ಲ.

"ನಾನೆಲ್ಲಿ?"

ಎಂಟು ಎಣಿಸುವಷ್ಟು ಹೊತ್ತು ನಿಂತದ್ದು ಮಾತ್ರ ಅಂಟುತ್ತದೆ, ಓಡಿದ್ದು ಅಂಟುವುದಿಲ್ಲ ಎಂದು ಶ್ರೀಕಂಠಯ್ಯ ವಿವರಿಸಿದರು.

"ಹಸ ಐತೆ, ಅವ್ಳೂ ಅವ್ಳೆ. ನನ್ನೊಬ್ಬುನ್ನೇ ತೆಗ್ದಾಕ್ಬುಟ್ರಾ? ಇದ್ನ ಯಾರಾದ್ರೂ ನೋಡುದ್ರೆ ಜಮೀನು ಖಾಲಿ ಬಿದ್ದೈತೆ ಅನ್ನಕಿಲ್ವಾ?"

ಇನ್ನೊಂದು ತೆಗೆಯೋಣ, ಅಲುಗಾಡದೆ ನಿಲ್ಲಿ ಎಂದೆವು. ಅವರು ಒಪ್ಪಲಿಲ್ಲ. ಆ ಡಬ್ಬದ ಮುಂದೆ ಮತ್ತೆ ನಿಲ್ಲುವ ಧೈರ್ಯ ಅವರಿಗಿರಲಿಲ್ಲ ಎಂದು ಆಗ ಅನಿಸಿತು, ಈಗಲೂ ಅನಿಸುತ್ತದೆ.

"ಪೆನ್ ಕೊಡ್ರೀ ಅವ್ರಿಗೆ," ಎಂದರು ಜಯಮ್ಮ. "ಮಹಜರ್ ಬರ್ಕೊಡ್ಲಿ. ಕಣ್ಣಾರೆ ಕಂಡವ್ರೆ ತಾನೆ?"

ಸ್ಥಳಕ್ಕೆ ಬಂದವರು ಕಂಡದ್ದನ್ನು ಬರೆದು ಸಾಕ್ಷಿ ಹಾಕಿಸುವ ಪದ್ಧತಿ ಅದು. ಚಿತ್ರದ ಬೆನ್ನಿಗೆ ನಾನೇ ಬರೆದೆ. ಎಲ್ಲಿ ನಿಂತಿದ್ದೆ, ಯಾವ ಹೊತ್ತು, ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ಮರದ ಕೆಳಗೆ ಯಾರು. ನಂಜೇಗೌಡರು ಒಂದೊಂದು ಸಾಲನ್ನೂ ಓದಿಸಿ ಕೇಳಿದರು. ಗುದ್ದಲಿಯ ಮಾತು ಬಂದಾಗ, "ಅದೂ ಇರ್ಲಿ, ನಿಜ ತಾನೆ," ಎಂದರು. ಕಂಡವರು ಮೂವರ, ಎಂದರೆ ನನ್ನ, ಶ್ರೀಕಂಠಯ್ಯನವರ, ಜಯಮ್ಮನವರ ರುಜು ಬಿದ್ದ ಮೇಲೆ ಕ್ಯಾಮೆರಾ ಈಚೆ ಬಂತು. ಧೂಳು ಕೂರದಂತೆ ಜಯಮ್ಮ ಅದಕ್ಕೆ ಹಳೆಯ ಸೀರೆ ಸುತ್ತಿದ್ದರು.

ಸೋಮವಾರ ಮಾಗಡಿಗೆ ಹೋದೆವು. ಸಾವನದುರ್ಗ ಅಲುಗಾಡಲಿಲ್ಲ, ಚಿತ್ರ ಚೆನ್ನಾಗಿ ಬಂತು. ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ.

ಮೊನ್ನೆ ಜಯಮ್ಮ ಫೋನು ಮಾಡಿದ್ದರು. ಅಳೆಯುವವರು ಮತ್ತೆ ಬಂದಿದ್ದರಂತೆ. ನಂಜೇಗೌಡರು ಚಿತ್ರ ತೋರಿಸಿದ್ದಕ್ಕೆ, "ಇದರಲ್ಲಿ ನೀನೆಲ್ಲಿದ್ದೀಯಪ್ಪಾ?" ಎಂದು ನಕ್ಕರಂತೆ. "ಬೆನ್ನಿಗೆ ಬರ್ದಿರೋದ್ನ ಅವ್ರು ಓದ್ಲೇ ಇಲ್ಲ. ನೀವೇ ಬಂದು ಒಸಿ ಹೇಳ್ತೀರಾ ಸಾರ್?" ಎಂದರು. ಬರುತ್ತೇನೆಂದೆ.

ಹೋಗುವ ಮುನ್ನ ಇದನ್ನು ಇಲ್ಲಿಯೂ ಬರೆದಿಟ್ಟಿದ್ದೇನೆ; ದಿಕ್ಕು, ಹೊತ್ತುಗಳನ್ನು ಮೊದಲೇ ಹೇಳಿದ್ದು ಅದಕ್ಕೇ. ಅಂದು ಕಂಡವರಲ್ಲಿ ಶ್ರೀಕಂಠಯ್ಯ ಶ್ರಾವಣದಲ್ಲಿ ತೀರಿಕೊಂಡರು. ಬಾಗಿಲಲ್ಲಿದ್ದ ಜಯಮ್ಮ ಇದ್ದಾರೆ. ಬದುವಿನ ಮೇಲಿದ್ದ ನಾನು ಇದ್ದೇನೆ.