ಆ ಅಜ್ಜಿಯ ಎಲೆ

ಬೆಳಿಗ್ಗೆಯಿಂದ ಎಷ್ಟು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ಕೈಪುಳಿಯ ವಾಸನೆ ಹೋಗುತ್ತಿಲ್ಲ. ಕೈಪುಳಿ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಕೊಡಗಿಗೆ ಬಂದಾಗ ಯಾರದಾದರೂ ತೋಟದ ಬದಿಯಲ್ಲಿ ಕಿತ್ತಳೆಯೆಂದು ಮೋಸಹೋಗಿ ಒಂದು ತೊಳೆ ಬಾಯಿಗೆ ಹಾಕಿಕೊಳ್ಳಿ, ಆಮೇಲೆ ಮರೆಯುವ ಪ್ರಶ್ನೆಯೇ ಇಲ್ಲ. ಹುಳಿಯೂ ಕಹಿಯೂ ಒಂದೇ ಸಿಪ್ಪೆಯೊಳಗೆ ಕೂತು ಜಗಳವಾಡುವ ಹಣ್ಣು ಅದು. ಅದನ್ನೇ ಬೆಲ್ಲ, ಹಸಿಮೆಣಸು, ಹುರಿದ ಎಳ್ಳಿನ ಜೊತೆ ಕಿವುಚಿದರೆ ಪಜ್ಜಿ. ಈ ದಿನ ಆ ಪಜ್ಜಿಯನ್ನು ನಾನೇ ಮಾಡಿದೆ. ಐವತ್ತೈದು ದಾಟಿದ ಮೇಲೆ ಮೊದಲ ಸಲ ಅಡುಗೆಮನೆಗೆ ನುಗ್ಗಿದ ಗಂಡನನ್ನು ನೋಡುತ್ತ ನನ್ನ ಹೆಂಡತಿ ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದಳು. ನಗಲಿ. ಇಂಥ ಪಜ್ಜಿ ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಮಾಡಿಲ್ಲ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ರುಚಿಯ ಮಾತಲ್ಲ, ಯಾರಿಗಾಗಿ ಎಂದು ಬಾಯಿಬಿಟ್ಟು ಹೆಸರು ಹೇಳಿ ಮಾಡಿದ ಮಾತು.

ಅದನ್ನು ಹೇಳಬೇಕಾದರೆ ಮೊಳೆಯಿಂದ ಶುರುಮಾಡಬೇಕು. ಸಂಪಾಜೆಯಲ್ಲಿ ರಸ್ತೆಯ ಪಕ್ಕ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಮೊಳೆ, ಬೋಲ್ಟು, ಕೀಲು ಇವನ್ನೆಲ್ಲ ಹಳೇ ಪೇಪರಿನಲ್ಲಿ ಕಟ್ಟಿಕೊಡುವುದು ಅಪ್ಪನ ಕಾಲದ ಪದ್ಧತಿ. ಕಟ್ಟುವ ಮೊದಲು ಆ ಹಾಳೆಯ ನಿಧನ ವಾರ್ತೆ ಓದುವುದು ನನ್ನ ಪದ್ಧತಿ. ನಮ್ಮ ಜಿಲ್ಲೆಯಲ್ಲಿ ಪೇಪರನ್ನು ಓದುವುದೇ ನಿಧನದಿಂದ ಎಂಬುದನ್ನು ನೀವು ಗಮನಿಸಿರಬಹುದು. ಯಾರು ಹೋದರು, ಯಾವ ಮನೆಯವರು, ಹೊರಡಬೇಕೋ ಬೇಡವೋ ಎಂದು ತೀರ್ಮಾನವಾದ ಮೇಲೆಯೇ ಪ್ರಧಾನಮಂತ್ರಿಯ ಸರದಿ. ಗುರುತಿನವರು ಯಾರೂ ಸಾಯದ ದಿನ ಅಪ್ಪ ಪೇಪರನ್ನು ಮಡಚಿ ಪಕ್ಕಕ್ಕೆ ಎಸೆದು, "ಇಂದ್ ಪೇಪರ್‌ಲಿ ಎಂತದೂ ಇಲೆ" ಎನ್ನುತ್ತಿದ್ದರು. ಗಿರಾಕಿಗಳು ಕಾಯುತ್ತ ನಿಂತಿರುವಾಗ ಸತ್ತವರ ಪಟ ನೋಡುತ್ತ ಮೈಮರೆಯುವ ಅಂಗಡಿಯವನೆಂದು ನನಗೂ ಊರಲ್ಲಿ ಹೆಸರಿದೆ.

ಇನ್ನು ಎಲೆಯ ವಿಷಯ. ನಾವು ಅರೆಭಾಷೆ ಗೌಡರು, ಉಂಟು ಎನ್ನುವುದಕ್ಕೆ 'ಉಟ್ಟು', ಇಲ್ಲ ಎನ್ನುವುದಕ್ಕೆ 'ಇಲೆ' ಎನ್ನುವವರು. ವರ್ಷಕ್ಕೊಮ್ಮೆ ಗುರುಕಾರಣರಿಗೆ, ಎಂದರೆ ಮನೆಯ ಗತಿಸಿದ ಹಿರಿಯರಿಗೆ, ಒಳಕೋಣೆಯಲ್ಲಿ ದೀಪ ಹಚ್ಚಿ ಸಾಲಾಗಿ ಬಾಳೆ ಎಲೆ ಹಾಕಿ ಬಡಿಸುತ್ತೇವೆ. ಕೋಳಿ ಸಾರು, ಅಕ್ಕಿ ರೊಟ್ಟಿ, ಕುಡಿಯುತ್ತಿದ್ದ ಹಿರಿಯರಿಗೆ ಒಂದು ಗ್ಲಾಸು. ಮನೆಯ ಹಿರಿಯ ಒಬ್ಬೊಬ್ಬರನ್ನೇ ಹೆಸರು ಹಿಡಿದು ಊಟಕ್ಕೆ ಕರೆಯುತ್ತಾನೆ. ಆಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕಾಯಬೇಕು, ಅವರು ಉಂಡರೆಂದು ತೋರುವಷ್ಟು ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ನಮ್ಮ ಮನೆಯ ಸಾಲಿನ ಕೊನೆಯಲ್ಲಿ, ಬಾಗಿಲ ಮೂಲೆಗೆ, ಒಂದು ಎಲೆ ಬೇರೆ ಇರುತ್ತಿತ್ತು. ಅದಕ್ಕೆ ಕೋಳಿ ಇಲ್ಲ, ಮಾಂಸದ ಸೌಟು ತಾಗಿದ ಯಾವುದೂ ಇಲ್ಲ. ರೊಟ್ಟಿ ಮತ್ತು ಕೈಪುಳಿ ಪಜ್ಜಿ, ಅಷ್ಟೇ. ಅದು 'ಆ ಅಜ್ಜಿಯ ಎಲೆ'. ಯಾವ ಅಜ್ಜಿ ಎಂದು ಕೇಳಿದರೆ ಎಲ್ಲರೂ ಎಲ್ಲರ ಮುಖ ನೋಡುತ್ತಿದ್ದರು.

ಹೋದ ವರ್ಷ ಬಡಿಸಿದ ದಿನ ದೊಡ್ಡಪ್ಪ, ನನ್ನ ಅಪ್ಪನ ಅಣ್ಣ, ಎಂಬತ್ತು ದಾಟಿ ಉಬ್ಬಸದಲ್ಲಿ ಇರುವವರು, ಎಲ್ಲರ ಮುಂದೆ ನನಗೆ ಹೇಳಿದರು: "ಬರುವ ವರ್ಷಂದ ನೀನೇ ಕರೆಯೊಕು. ನಂಗೆ ಉಸ್ರ್ ಇಲೆ."

ಅವರ ಮಗ ದಿನೇಶ ಲೆಕ್ಕಾಚಾರದ ಮನುಷ್ಯ. ಆ ಮಾತಿನ ಬಾಲ ಹಿಡಿದೇ ಹೇಳಿದ: "ಹಾಂಗಾರೆ ಆ ಕೊನೇ ಎಲೆ ಬೇಡ ಅಣ್ಣ. ಯಾರ್ ಅಂತಲೇ ಗೊತ್ತಿಲೆ. ಹೆಸ್ರಿಲ್ಲದವ್ರನ್ನ ಎಂತ ಹೇಳಿ ಕರ್ದು?"

ಮಾತು ಒರಟಾಗಿತ್ತು, ಆದರೆ ಸುಳ್ಳಾಗಿರಲಿಲ್ಲ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ ಎಂದೇ ನೆನಪು. ನಾನು ಹೊರಡುವಾಗ ದೊಡ್ಡಪ್ಪ ಗೇಟಿನವರೆಗೆ ಬಂದು ತೋಳು ಹಿಡಿದರು. "ನನ್ನ ಅಜ್ಜಿ ಆ ಎಲೆಗೆ ತಾನೇ ಬಡಿಸ್ತಿತ್ತ್. ಬೇರೆ ಯಾರಿಗೂ ಬುಡ್ತಿತ್ಲೆ. ವರ್ಷ ತುಂಬುವ ಮೊದ್ಲು ಆ ಹೆಸ್ರ್ ಹುಡ್ಕು. ಇಲ್ಲದ್ರೆ ನಾ ಇರುವಾಗಲೇ ಇವು ಎಲೆ ತೆಗ್ದವೆ." ಹಾಗೆ ಒಂದು ಹೆಸರಿಗಾಗಿ ನನ್ನ ತಲೆ ಕೆಟ್ಟಿತು.

ತಲೆ ಕೆಟ್ಟವರಿಗೆಂದೇ ಒಂದು ವಾಟ್ಸಾಪ್ ಗುಂಪು ಇದೆ ಎಂದು ಆಮೇಲೆ ತಿಳಿಯಿತು. ಪೊನ್ನಂಪೇಟೆಯ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಮಾಡುವ ದೇಚಮ್ಮಕ್ಕ ಎಂಬ ಕೊಡವ ಹೆಂಗಸು ಅದರ ಯಜಮಾನಿ. ಅದರಲ್ಲಿ ಕೊಡವರು, ನಾವು, ಮಲಯಾಳ ಮಾತಾಡುವವರು, ಎಲ್ಲರೂ ತಂತಮ್ಮ ಸತ್ತವರನ್ನು ಹುಡುಕುತ್ತಾರೆ. ಒಬ್ಬರು ಕುಟುಂಬದ ಸ್ಮಶಾನದ ಕಲ್ಲಿನ ಫೋಟೋ ಹಾಕುತ್ತಾರೆ, ಇನ್ನೊಬ್ಬರು ಹಳೇ ನಿಧನ ವಾರ್ತೆ ಹಾಕುತ್ತಾರೆ, ಮೂರನೆಯವರು 'ಇದು ನಮ್ಮ ಅಜ್ಜನ ಭಾವ' ಎಂದು ಸಂಭ್ರಮಿಸುತ್ತಾರೆ. ಗುಡ್ ಮಾರ್ನಿಂಗ್ ಹೂವುಗಳಿಗೆ ಅಲ್ಲಿ ಪ್ರವೇಶವಿಲ್ಲ. ಸೇರಿದ ದಿನ ನಾನು ಅಂಗಡಿಯ ಬಾಗಿಲು ಹಾಕುವುದನ್ನೂ ಮರೆತು ಓದುತ್ತ ಕೂತಿದ್ದೆ.

ಗುಂಪಿನಲ್ಲಿ ಯಾರೋ ಚೆಟ್ಟಳ್ಳಿಯ ಎಸ್ಟೇಟೊಂದರ ಅಂಚಿನಲ್ಲಿದ್ದ ಪುಟ್ಟ ಕಲ್ಲೊಂದರ ಫೋಟೋ ಹಾಕಿದರು. ಪಾಚಿ ಹಿಡಿದ ಕಲ್ಲು, ಒಂಟಿ. 'ಯಾರೋ ಹೆಣ್ಣುಮಗಳದಿರಬಹುದು' ಎಂದು ಕೆಳಗೆ ಬರೆದಿತ್ತು. ನನಗಷ್ಟು ಸಾಕಾಯಿತು. ಅಂಗಡಿಯ ತಂತಿ ಬ್ರಶ್ಶು, ನೀರಿನ ಬಾಟಲಿ, ಒಂದು ಮೊಳ ಮಲ್ಲಿಗೆ ಹಿಡಿದು ಜೀಪಿನಲ್ಲಿ ಹೋದೆ. ಮಂಡಿಯೂರಿ ಪಾಚಿ ಉಜ್ಜಿದೆ, ಹೂ ಇಟ್ಟೆ, ಕೈಮುಗಿದು ಕಣ್ಣು ಮುಚ್ಚಿದೆ. ಕಣ್ಣೂ ಸ್ವಲ್ಪ ಒದ್ದೆಯಾಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಕಾಫಿ ಕೊಯ್ಲು ನೋಡಿಕೊಳ್ಳುತ್ತಿದ್ದ ಎಸ್ಟೇಟಿನ ರೈಟರ್, ಎಂದರೆ ಗುಮಾಸ್ತರು, ಬಂದು ಹಿಂದೆ ನಿಂತಿದ್ದರು.

"ಸಾರ್, ಪ್ರಾರ್ಥನೆ ಮುಗೀತಾ?" ಎಂದರು ಮೆಲ್ಲಗೆ. "ಅದು ಹಳೇ ಇಂಗ್ಲಿಷ್ ದೊರೆಯ ನಾಯಿದು. ಹೆಸರು ಕೆಳಗೆ ಬರೆದುಂಟು ನೋಡಿ."

ನೋಡಿದೆ. ಇತ್ತು. ನಮ್ಮ ಹಿರಿಯರ ಒಂದು ಕಲ್ಲಿನಲ್ಲೂ ಹೆಸರಿಲ್ಲ, ಬರಿಯ ಕಾಡುಗಲ್ಲುಗಳು. ದೊರೆಯ ನಾಯಿಗೆ ಮಾತ್ರ ಅಚ್ಚುಕಟ್ಟಾದ ಅಕ್ಷರ. ಗುಂಪಿನಲ್ಲಿ ಇದನ್ನು ನಾನೇ ಬರೆದು ಹಾಕಿದೆ, ಬೇರೆಯವರು ಹಾಕುವುದಕ್ಕಿಂತ ಅದೇ ವಾಸಿ. ವಾರಗಟ್ಟಲೆ ನನಗೆ ನಾಯಿಯ ಚಿತ್ರಗಳು ಬಂದವು.

ಆಗ ದೇಚಮ್ಮಕ್ಕ ಫೋನು ಮಾಡಿದರು. "ನಾಯಿ ಇರ್ಲಿ ಮಾರಾಯ್ರೆ. ನೀವು ನಿಧನ ವಾರ್ತೆ ಓದೋದು ಹೇಗೆ?" ಎಂದರು.

"ಎಲ್ಲರ ಹಾಗೆ. ಹೆಸರು, ವಯಸ್ಸು, ಮಕ್ಕಳು."

"ಅದೇ ತಪ್ಪು. ಗಂಡಸರ ಹೆಸರು ಬಿಟ್ಹಾಕಿ. ಹೆಂಗಸರ ಹೆಸರಿನ ಪಕ್ಕ ಬ್ರಾಕೆಟ್ ಇರ್ತದಲ್ಲ, ಅದನ್ನು ಓದಿ."

ನಮ್ಮ ಕಡೆ ಹೆಂಗಸು ತೀರಿಕೊಂಡರೆ ಪೇಪರಿನಲ್ಲಿ ಅವಳ ಹೆಸರಿನ ಪಕ್ಕ ಬ್ರಾಕೆಟ್ಟಿನೊಳಗೆ ತಾಮನೆ, ಎಂದರೆ ತವರುಮನೆ, ಯಾವುದೆಂದು ಹಾಕುತ್ತಾರೆ. ಇಷ್ಟು ವರ್ಷ ಅದರ ಮೇಲೆ ಮೊಳೆ ಸುರಿದು ಕಟ್ಟಿಕೊಟ್ಟವನು ನಾನು. ಗುಂಪಿನವರು ಕೂಡಿಟ್ಟ ವಾರ್ತೆಗಳಲ್ಲಿ ನಮ್ಮ ಮನೆಗೆ ಬಂದ ಸೊಸೆಯರು, ನಮ್ಮಿಂದ ಹೋದ ಹೆಣ್ಣುಮಕ್ಕಳು ಎಲ್ಲರನ್ನೂ ಹುಡುಕಿ ತೆಗೆದೆವು. ದೇಚಮ್ಮಕ್ಕ ಅಲ್ಲಿಂದ, ನಾನು ಇಲ್ಲಿಂದ. ದೂರದ, ಹತ್ತಿರದ ಮನೆಗಳು ಒಂದೊಂದಾಗಿ ಬಂದವು. ಇವರಿಗೆ ಕೊಟ್ಟಿದ್ದೇವೆ, ಅವರಿಂದ ತಂದಿದ್ದೇವೆ, ತಂದಲ್ಲಿಗೇ ಮತ್ತೆ ಕೊಟ್ಟಿದ್ದೇವೆ. ಅಜ್ಜಿ ಮಾತ್ರ ಯಾವ ಬ್ರಾಕೆಟ್ಟಿನಲ್ಲೂ ಇಲ್ಲ. ಅವಳ ಕಾಲಕ್ಕೆ ಪೇಪರೇ ಇಲ್ಲದ ಮೇಲೆ ಎಲ್ಲಿಂದ ಬರಬೇಕು ಎಂದು ನಾನು ಕೈಚೆಲ್ಲಿದೆ.

"ನಿಮ್ಮ ಗುಡ್ಡದ ಆಚೆ ಯಾವ ಮನೆ?" ದೇಚಮ್ಮಕ್ಕ ಕೇಳಿದರು.

"ಅಂಬಟೆಗುಂಡಿಯವರದ್ದು."

"ನಮ್ಮ ಹತ್ರ ಇರೋದ್ರಲ್ಲಿ ಅವರ ಹೆಸರು ಒಂದು ಬ್ರಾಕೆಟ್ಟಲ್ಲೂ ಇಲ್ಲ. ಅಲ್ಲಿಂದ ಬಂದವರೂ ಇಲ್ಲ, ಅಲ್ಲಿಗೆ ಹೋದವರೂ ಇಲ್ಲ. ಅಷ್ಟು ದೂರದವರಿಗೆಲ್ಲ ಹೆಣ್ಣು ಕೊಟ್ಟು ತಂದು ಮಾಡಿದವರು, ಗುಡ್ಡದಾಚೆ ಮನೆಯನ್ನು ಯಾಕೆ ಬಿಟ್ರಿ?"

ಅಂಬಟೆಗುಂಡಿಯವರು ನನ್ನ ಗಿರಾಕಿಗಳು. ಸಾವಿಗೆ, ಮದುವೆಗೆ ಪರಸ್ಪರ ಹೋಗಿ ಬರುತ್ತೇವೆ. ಆದರೆ ಹೆಣ್ಣು ಕೇಳುವ ಮಾತು ಬಂದರೆ ನಮ್ಮ ಹಿರಿಯರು 'ಅಲ್ಲಿಗೆ ಇಲೆ' ಎಂದು ಎದ್ದು ಹೋಗುತ್ತಿದ್ದರು. ಯಾಕೆಂದು ದೊಡ್ಡಪ್ಪನನ್ನು ಕೇಳಿದರೆ, "ಅದ್ ಮೊದ್ಲಿಂದಲೂ ಹಾಂಗೆ" ಎಂದರು. ಮೊದಲಿನಿಂದಲೂ ಹಾಗೆ ಎಂಬ ಮಾತಿಗೂ ಒಂದು ಮೊದಲು ಇರಬೇಕಲ್ಲ, ಆ ಮೊದಲಿನಲ್ಲಿ ನಮ್ಮ ಆ ಅಜ್ಜಿಯೇ ಇದ್ದರೆ? ಅವತ್ತೇ ಅಂಗಡಿಗೆ ಬೀಗ ಹಾಕಿ ಗುಡ್ಡ ಹತ್ತಿದೆ. ರಸ್ತೆಯಲ್ಲಿ ಹೋದರೆ ಸುತ್ತು, ಕಾಯುವ ತಾಳ್ಮೆ ನನಗೆ ಉಳಿದಿರಲಿಲ್ಲ. ಇಳಿಯುವಾಗ ಎರಡು ಸಲ ಜಾರಿಬಿದ್ದೆ.

ಮೈಯೆಲ್ಲ ಮಣ್ಣಾಗಿ ಅಂಗಳದಲ್ಲಿ ನಿಂತ ನನ್ನನ್ನು ಆ ಮನೆಯ ಹಿರಿಯ ಸೊಸೆ ಸೀತಮ್ಮ ಮೇಲಿಂದ ಕೆಳಗೆ ನೋಡಿದರು. ಅವರಿಗೂ ಎಪ್ಪತ್ತೈದರ ಹತ್ತಿರ. "ಬಾ ಮಗ. ಯಾರ ಮದ್ವೆ ಕಾಗ್ದ?" ಎಂದರು.

ಹೋದ ವರ್ಷ ಎಲೆ ಬಡಿಸಿದಾಗ ತೆಗೆದ ಫೋಟೋ ಫೋನಿನಲ್ಲಿತ್ತು. ಅದನ್ನು ಅವರ ಮುಂದೆ ಹಿಡಿದು ಮೂಲೆಯ ಎಲೆಯನ್ನು ದೊಡ್ಡದು ಮಾಡಿ ತೋರಿಸಿದೆ. ಬರಿಯ ರೊಟ್ಟಿ, ಪಕ್ಕದಲ್ಲಿ ಪಜ್ಜಿ.

ಸೀತಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಇದ್ ನಮ್ಮನೆದ್ ಅಲ್ಲ?" ಎಂದರು.

"ಅಲ್ಲ. ನಮ್ಮನೆಯದು."

ಅವರು ಜಗಲಿಯ ಮೇಲೆ ಕುಳಿತುಬಿಟ್ಟರು. ಫೋನು ಕೈಯಲ್ಲೇ ಹಿಡಿದು ಹೇಳಿದರು: "ನಮ್ಮಲ್ಲಿಯೂ ಉಟ್ಟು ಹೀಂಗೆದೇ ಒಂದ್ ಎಲೆ. ಪೂವಕ್ಕಂದ್. ನನ್ನ ಮಾವನ ಅಕ್ಕ. ನಿಮ್ಮನೆಗೆ ಕೊಟ್ಟದ್."

ಪೂವಕ್ಕ. ಎಷ್ಟು ಸಣ್ಣ ಹೆಸರು. ನಾನು ಅದನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆ ನನಗಾಗಿಯೇ ಹುಟ್ಟಿದ್ದಿರಬೇಕು. ಚೆಟ್ಟಳ್ಳಿಯವರೆಗೆ ಹೋಗಿ ನಾಯಿಗೆ ಹೂವಿಟ್ಟು ಬಂದವನು ನಾನು, ಅವಳು ಇದ್ದದ್ದು ನಮ್ಮ ಹಿತ್ತಲ ಗುಡ್ಡದಾಚೆ.

ಉಳಿದದ್ದನ್ನು ಸೀತಮ್ಮ ಕಾಫಿ ಕೊಟ್ಟು ಹೇಳಿದರು. ಪೂವಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡುಮಗು ಹುಟ್ಟಿತು, ಅವಳು ಉಳಿಯಲಿಲ್ಲ. ಮಗುವನ್ನು ನಾವು ಸಾಕುತ್ತೇವೆ ಎಂದು ತವರಿನವರು, ನಮ್ಮ ಮನೆಯ ಕುಡಿ ನಮಗೆ ಬೇಕು ಎಂದು ಗಂಡನ ಮನೆಯವರು. ಮಗು ಗುಡ್ಡ ದಾಟಿ ಬಂತು, ಹೆಣ್ಣು ಕೊಟ್ಟು ತರುವುದು ಅಲ್ಲಿಗೆ ನಿಂತಿತು. ಆ ಮಗುವೇ ನನ್ನ ಅಜ್ಜ, ದೊಡ್ಡಪ್ಪನ ಅಪ್ಪ. ದೊಡ್ಡಪ್ಪ ಅಜ್ಜಿ ಎನ್ನುತ್ತ ಬೆಳೆದದ್ದು ಪೂವಕ್ಕನ ಗಂಡ ಆಮೇಲೆ ಕಟ್ಟಿಕೊಂಡ ಎರಡನೆಯ ಹೆಂಡತಿಯ ಮಡಿಲಲ್ಲಿ. ನಾವು ಊರೂರ ಕಲ್ಲುಗಳಲ್ಲಿ, ಪೇಪರಿನ ಬ್ರಾಕೆಟ್ಟುಗಳಲ್ಲಿ ಪೂವಕ್ಕನನ್ನು ಹುಡುಕುತ್ತಿದ್ದೆವು. ಬಾಣಂತಿ ತವರಿನ ಮಣ್ಣಲ್ಲೇ ಉಳಿದಿರಬಹುದೆಂದು ಗಂಡಸರಾದ ನಮಗ್ಯಾರಿಗೂ ಹೊಳೆಯಲಿಲ್ಲ.

"ಆ ಎಲೆಗೆ ಕೋಳಿ ಯಾಕೆ ಹಾಕುವುದಿಲ್ಲ?" ಎಂದು ಕೇಳಿದೆ.

"ಬಸ್ರಿಲಿ ಮಾಂಸದ ವಾಸ್ನೆ ಅವ್ಳಿಗೆ ಆಗ್ತಿತ್ಲೆ. ಕೈಪುಳಿ ಪಜ್ಜಿ ಇದ್ದ್ರೆ ಮಾತ್ರ ಎರ್ಡ್ ತುತ್ತ್ ಇಳೀತಿತ್ತ್. ನಮ್ಮ ಅತ್ತೆ ಹೇಳ್ತಿದ್ದೊ." ಸೀತಮ್ಮ ದನಿ ತಗ್ಗಿಸಿದರು. "ಗಂಡನ ಮನೆಯವು ಒಂದ್ ಎಲೆನೂ ಹಾಕ್ದುಲೆ, ಮರ್ತೇ ಬುಟ್ಟೊ ಅಂತಲೂ ಹೇಳ್ತಿದ್ದೊ. ಸಾಯುವವರೆಗೂ ಅದೇ ಸಂಕ್ಟ."

ಆಗ ನನಗೆ ಆ ಎರಡನೆಯ ಅಜ್ಜಿ ಕಣ್ಣಿಗೆ ಕಟ್ಟಿದಳು. ತಾನು ನೋಡಿಯೇ ಇರದ ಒಬ್ಬಳ ಬಯಕೆಯನ್ನು ಗಂಡನ ಬಾಯಿಂದಲೋ ಅತ್ತೆಯ ಬಾಯಿಂದಲೋ ಕೇಳಿ ತಿಳಿದು, ಹೆಸರೆತ್ತಿದರೆ ಜಗಳವೆದ್ದೀತೆಂದು ಹೆಸರು ನುಂಗಿ, ಯಾರ ಕೈಗೂ ಬಿಡದೆ ತಾನೇ ಬಡಿಸುತ್ತಿದ್ದವಳು. ನನಗೆ ಅಳು ಬಂತು. ಈ ಸಲ ಅತ್ತದ್ದು ನಾಯಿಗಾಗಿ ಅಲ್ಲ, ನಾಚಿಕೆಯೂ ಆಗಲಿಲ್ಲ.

ಸೀತಮ್ಮ ತೋಟದ ಮೂಲೆಗೆ ಕರೆದುಕೊಂಡು ಹೋದರು. ಅಲ್ಲಿ ಅವರ ಕುಟುಂಬದ ಕಲ್ಲುಗಳು. ಪೂವಕ್ಕನ ಕಲ್ಲಿನ ತಲೆಯ ಬಳಿ ಕೈಪುಳಿ ಮರ, ಹಣ್ಣು ತುಂಬಿತ್ತು. ಮೊದಲು ನೆಟ್ಟ ಮರ ಸತ್ತಾಗ ಅದರ ಬೀಜದ್ದೇ ಇನ್ನೊಂದು ಗಿಡ ಇಟ್ಟರಂತೆ.

ದೊಡ್ಡಪ್ಪನಿಗೆ ಹೇಳುವಾಗ ನನಗೆ ಭಯವಿತ್ತು. ಎಂಬತ್ತು ದಾಟಿದ ಮನುಷ್ಯನಿಗೆ ನಿನ್ನ ಅಜ್ಜಿ ನಿನ್ನ ಅಜ್ಜಿಯಲ್ಲ ಎಂದು ಹೇಳುವುದು ಹೇಗೆ? ಅವರು "ಹಾಂಗಾರೆ ನಂಗೆ ಅಜ್ಜಿಗ ಇಬ್ಬರ್" ಎಂದರು. ಆಮೇಲೆ ಸಂಬಂಧದ ಲೆಕ್ಕ ಹಾಕಿ, ತನಗಿಂತ ಚಿಕ್ಕವಳಾದ ಸೀತಮ್ಮ ತನಗೆ ಅತ್ತೆಯಾಗಬೇಕೆಂದು ತಿಳಿದು ಉಬ್ಬಸ ಬರುವಷ್ಟು ನಕ್ಕರು. ದಿನೇಶ ಎಲೆಯ ವಿಷಯ ಮತ್ತೆ ಎತ್ತಲಿಲ್ಲ. ಬಾಳೆ ಎಲೆ ತರುವ ಕೆಲಸ ತನಗಿರಲಿ ಎಂದ.

ಈ ದಿನ ಬಡಿಸುವ ದಿನ. ಅಂಬಟೆಗುಂಡಿಯವರು ಒಂದು ಬುಟ್ಟಿ ಕೈಪುಳಿ ಹೊತ್ತು, ಈ ಸಲ ರಸ್ತೆ ಬಿಟ್ಟು ಗುಡ್ಡ ದಾಟಿಯೇ ಬಂದರು. ಎಲೆ ಹಾಕುವಾಗ ದೊಡ್ಡಪ್ಪ ಗೋಡೆ ಹಿಡಿದುಕೊಂಡು ಬಂದು, ಬಾಗಿಲ ಮೂಲೆಯ ಎಲೆಯನ್ನು ತಾವೇ ಎತ್ತಿ ಪೂವಕ್ಕನ ಗಂಡನ ಎಲೆಯ ಪಕ್ಕದಲ್ಲಿಟ್ಟರು. ಇನ್ನೊಂದು ಪಕ್ಕದಲ್ಲಿ ಎರಡನೆಯ ಅಜ್ಜಿ. ನಾನು ಸಾಲಿನಲ್ಲಿ ಒಬ್ಬೊಬ್ಬರನ್ನೇ ಕರೆಯುತ್ತ ಬಂದೆ. ಆ ಎಲೆಯ ಮುಂದೆ ಬಂದಾಗ ದನಿ ಗಟ್ಟಿಯಾಗಿಯೇ ಬಂತು. "ಪೂವಕ್ಕಜ್ಜಿ, ಬನ್ನಿ, ಉಣ್ಣಿ."

ಬಾಗಿಲು ಮುಂದೆ ಮಾಡಿ ಹೊರಗೆ ಬಂದೆವು. ಎರಡು ಮನೆಯವರೂ ಜಗಲಿಯ ಮೇಲೆ ಒತ್ತೊತ್ತಾಗಿ ಕೂತಿದ್ದೇವೆ, ಯಾರೂ ಮಾತಾಡುತ್ತಿಲ್ಲ. ಎಂದಿನಷ್ಟು ಹೊತ್ತಾಯಿತೆಂದು ನಾನು ಎದ್ದು ಬಾಗಿಲು ತಟ್ಟಲು ಕೈ ಎತ್ತಿದೆ. ಸೀತಮ್ಮಜ್ಜಿ ಹಿಂದಿನಿಂದ ನನ್ನ ಅಂಗಿ ಎಳೆದರು.

"ಈಗಲೇ ತಟ್ಟ್‌ಬೇಡ ಮಗ," ಎಂದರು. "ಅವ್ಕೆ ಮಾತ್ ತುಂಬ ಉಟ್ಟು."

ಕೈ ಇಳಿಸಿ ಅವರ ಪಕ್ಕದಲ್ಲಿ ಕುಳಿತೆ. ಬೆರಳಿನಿಂದ ಕೈಪುಳಿಯ ವಾಸನೆ ಇನ್ನೂ ಬರುತ್ತಿದೆ.