ಏರಿಯ ಮೇಲೆ ರಿವರ್ಸ್

ಲೈಸೆನ್ಸ್ ಕೈಗೆ ಬಂದ ಮೊದಲ ತಿಂಗಳು ನಾನು ಕಾರನ್ನು ಮುಂದಕ್ಕೆ ಮಾತ್ರ ಓಡಿಸಿದೆ. ಪರೀಕ್ಷೆಯ ಮೈದಾನದಲ್ಲಿ ಹೇಗೋ ರಿವರ್ಸ್ ತೆಗೆದುಕೊಂಡಿದ್ದೆ. ರಸ್ತೆಯಲ್ಲಿ ಆ ಧೈರ್ಯ ಇರಲಿಲ್ಲ. ಹಳೇಬೀಡಿನಿಂದ ಬೇಲೂರಿನವರೆಗೆ ಹಿಂದಕ್ಕೆ ತೆಗೆಯದೆಯೇ ಗಾಡಿ ತಿರುಗಿಸಬಹುದಾದ ಜಾಗಗಳನ್ನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಪೆಟ್ರೋಲ್ ಬಂಕ್, ಕಲ್ಯಾಣ ಮಂಟಪದ ಅಂಗಳ, ಹೀಗೆ ಒಟ್ಟು ಏಳು.

ಅಮ್ಮನಿಗೆ ಮಂಡಿಯ ಆಪರೇಷನ್ ಆಗಿತ್ತು. ಬೇಲೂರಿನ ಆಸ್ಪತ್ರೆಯಲ್ಲಿ ವಾರಕ್ಕೆ ಮೂರು ದಿನ ಫಿಸಿಯೋಥೆರಪಿ. ಈಗಲೇ ಮಡಚಿ ರೂಢಿ ಮಾಡಿಸದಿದ್ದರೆ ಮಂಡಿ ಹಾಗೆಯೇ ಬಿಗಿದುಕೊಂಡುಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಬಸ್ಸಿನ ಮೆಟ್ಟಿಲು ಅಮ್ಮನಿಗೆ ಹತ್ತಲಾಗದು. ಕೊಬ್ಬರಿ ಹರಾಜಿರುವ ಮಂಗಳವಾರ, ಶುಕ್ರವಾರ ಅಪ್ಪ ಲೋಡಿನ ಜೊತೆ ಅರಸೀಕೆರೆಗೆ ಹೋಗಲೇಬೇಕು. ಅಮ್ಮನನ್ನು ಕೂರಿಸಿಕೊಂಡು ಓಡಿಸಲು ನನಗೆ ಭಯ. ಹಾಗಾಗಿ ಆಗಲೇ ನಾಲ್ಕು ಸಲ ಫಿಸಿಯೋಥೆರಪಿ ತಪ್ಪಿತ್ತು. ಐದನೆಯದು ತಪ್ಪಕೂಡದೆಂದು ಆ ಮಂಗಳವಾರ ನಾನೇ ಕೀ ತೆಗೆದುಕೊಂಡೆ.

ನಮ್ಮ ತೋಟದ ಮನೆಯಿಂದ ಟಾರು ರಸ್ತೆಗೆ ಬರಲು ಒಂದೇ ಗಾಡಿ ಹಿಡಿಸುವ ಕೆರೆ ಏರಿ ದಾಟಬೇಕು. ಅರ್ಧ ಬಂದಿದ್ದೆವು, ಎದುರಿಗೆ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್. ಲೋಡಿನ ಗಾಡಿ ಹಿಂದೆ ಸರಿಯುವುದಿಲ್ಲ. ಆ ಏರಿಯ ಮೇಲೆ ಅದು ಎಲ್ಲರಿಗೂ ಗೊತ್ತಿರುವ ಕಟ್ಟಳೆ.

ಡ್ರೈವರ್ ಇಳಿದು ಬಂದ. ವಯಸ್ಸಾದ ಮನುಷ್ಯ.

"ಕೀ ಕೊಡವ್ವ, ನಾನೇ ಹಿಂದಕ್ ಹಾಕ್ಕೊಡ್ತೀನಿ."

"ಕೊಟ್ಬಿಡೇ, ಹೊತ್ತಾಗ್ತೈತೆ," ಎಂದರು ಅಮ್ಮ.

"ಇವತ್ತು ಕೊಟ್ರೆ ಶುಕ್ರವಾರ ಯಾರನ್ನ ಕರೀಲಮ್ಮ? ನಾನೇ ತೆಗೀತೀನಿ."

"ಹಂಗಾದ್ರೆ ಒಂದು ಬೀಡಿ ಹಚ್ಕೊತೀನಿ. ನಿಧಾನಕ್ಕೆ ತಗಿ," ಎನ್ನುತ್ತಾ ಅವನು ಕಾರಿನ ಹಿಂದೆ ಹೋಗಿ ನಿಂತ. "ಬರ್ಲಿ, ಬರ್ಲಿ. ಕೆರೆ ಯಾಕ್ ನೋಡ್ತೀಯ? ಅದೇನು ಓಡೋಗಲ್ಲ. ಕನ್ನಡಿ ನೋಡು."

ಎರಡು ಸಲ ಗಾಡಿ ಆಫ್ ಆಯಿತು. ಮತ್ತೊಂದು ಸಲ ಹಿಂದಿನ ಚಕ್ರ ಅಂಚಿನ ಹುಲ್ಲಿಗೆ ಹೋಗಿ, ಅಮ್ಮ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾನು ಮತ್ತೆ ಮುಂದಕ್ಕೆ ತಂದು, ಸ್ಟೇರಿಂಗ್ ನೆಟ್ಟಗೆ ಮಾಡಿಕೊಂಡು, ಒಂದೊಂದು ಅಡಿಯಾಗಿ ತೂಬಿನ ಹತ್ತಿರದ ಅಗಲವಾದ ಜಾಗದವರೆಗೆ ಹಿಂದಕ್ಕೆ ತೆಗೆದೆ.

"ಆಯ್ತಲ್ಲ ಕಣವ್ವ," ಎಂದ ಡ್ರೈವರ್. "ನನ್ ಬೀಡಿ ಆಗಿ ಎಷ್ಟೊತ್ತಾಯ್ತು."

ಆಸ್ಪತ್ರೆ ತಲುಪಿದಾಗ ತಡವಾಗಿತ್ತು. ಫಿಸಿಯೋಥೆರಪಿಯವರು ಗೊಣಗುತ್ತಲೇ ಅಮ್ಮನನ್ನು ಒಳಗೆ ಕರೆದುಕೊಂಡರು. ಮಂಡಿಯನ್ನು ಒತ್ತಿ ಮಡಚುವಾಗ ಅಮ್ಮ ಹಲ್ಲು ಕಚ್ಚಿ ತಡೆದುಕೊಂಡರು. ಅದು ಮುಗಿದು ಉಸಿರು ಬಿಟ್ಟ ಮೇಲೆ ನನ್ನ ಕಡೆ ತಿರುಗಿದರು.

"ಶುಕ್ರವಾರ ಅರ್ಧ ಗಂಟೆ ಮುಂಚೆನೇ ಹೊರಡಾಣ. ಎರಡು ಟ್ರ್ಯಾಕ್ಟರ್ ಸಿಕ್ಕಿದ್ರೂ ಟೈಮಿಗೆ ಬರ್ಬೇಕು."